ಸೋಲಾರ್ ಮಾಡಿಗೆ (ಛಾವಣಿಗೆ) ದೇಶದ ಮಟ್ಟದ ವ್ಯವಸ್ಥೆ ಕಟ್ಟುವುದು ಹೇಗೆ? ಸೋರುವ ಸಂದಿಯಿಂದ ಶುರು ಮಾಡಿ

ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಮನೆಯ ತಾರಸಿ ಮೇಲೆ ಒಂದು ನೀಲಿ ಬಕೆಟ್ ಇದೆ. ಅದು ಅಲ್ಲಿಗೆ ಬಂದದ್ದು ಒಂದು ಜೂನ್ ತಿಂಗಳ ಎರಡನೇ ವಾರ. ಆ ವರ್ಷ ಏಪ್ರಿಲ್‌ನಲ್ಲಿ ತಾರಸಿ ಮೇಲಿದ್ದ ಹಳೇ ತಗಡು ಶೀಟುಗಳಲ್ಲಿ ಅರ್ಧ ತೆಗೆಸಿ, ಆ ಜಾಗಕ್ಕೆ ಸೋಲಾರ್ ಪ್ಯಾನೆಲ್‌ಗಳನ್ನೇ ಮಾಡಿನ ಹಾಗೆ ಜೋಡಿಸಿದ್ದೆ. ಶೀಟಿನ ಮೇಲೆ ಪ್ಯಾನೆಲ್ ಅಲ್ಲ, ಶೀಟಿನ ಬದಲಿಗೇ ಪ್ಯಾನೆಲ್. ಕರೆಂಟೂ ಬಂತು, ನೆರಳೂ ಬಂತು, ನೆಂಟರೆಲ್ಲ ಮೇಲೆ ಹತ್ತಿ ನೋಡಿ ಹೊಗಳಿ ಹೋದರು. ಮೊದಲ ಜೋರು ಮಳೆಗೆ ಮೂರನೇ ಮತ್ತು ನಾಲ್ಕನೇ ಪ್ಯಾನೆಲ್ ನಡುವಿನ ಸಂದಿಯಿಂದ ನೀರು ಹನಿಯಲು ಶುರುವಾಯಿತು.

ಮೂವರಿಗೆ ಫೋನ್ ಮಾಡಿದೆ, ಮೂವರೂ ಬಂದರು. ಸೋಲಾರ್‌ನವರು ಏಣಿ ಹತ್ತಿ, ಮೊಬೈಲಿನಲ್ಲಿ ಆ್ಯಪ್ ತೋರಿಸಿ, "ನೋಡಿ ಸಾರ್, ಜನರೇಶನ್ ಸರಿ ಇದೆ, ಪ್ಯಾನೆಲ್‌ದು ಏನೂ ತೊಂದರೆ ಇಲ್ಲ" ಎಂದರು. ಕಬ್ಬಿಣದ ಫ್ರೇಮ್ ಮಾಡಿದವರು ಲೆವೆಲ್ ಇಟ್ಟು ನೋಡಿ, "ನನ್ನ ಇಳಿಜಾರು ಸರಿ ಉಂಟು, ಸಂದಿ ಮುಚ್ಚುವುದು ನನ್ನ ಕೆಲಸ ಅಲ್ಲ" ಎಂದರು. ಸಂದಿಗೆ ಸಿಲಿಕೋನ್ ಹಚ್ಚಿದ ಹುಡುಗ ಮಾತ್ರ ಸ್ವಲ್ಪ ಹೊತ್ತು ಸುಮ್ನೆ ನಿಂತ. ಆಮೇಲೆ ಸಂದಿಗೆ ಬೆರಳು ಹಾಕಿ, ಕಿತ್ತು ಬಂದ ರಬ್ಬರಿನಂಥ ಎಳೆಯನ್ನು ನನ್ನ ಕೈಗೆ ಕೊಟ್ಟು, "ಬಿಸಿಲಿಗೆ ಎಳೆದು ಎಳೆದು ಬಿಟ್ಟಿದೆ ಸಾರ್" ಎಂದ. ಅವನು ಹೇಳಿದ್ದೇ ಸರಿ. 6 ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ 40 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು ಐದೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಕೆಳಗಿನ ಉಕ್ಕು ಹಿಗ್ಗುವುದು ಅದರ ಅರ್ಧದಷ್ಟು, ಮೇಲಿನ ಗಾಜು ಇನ್ನೂ ಕಮ್ಮಿ. ಹಗಲು ಹಿಗ್ಗಿ ರಾತ್ರಿ ಕುಗ್ಗಿ, ಎರಡೇ ತಿಂಗಳಲ್ಲಿ ಅಂಟು ಕೈಬಿಟ್ಟಿತ್ತು.

ವಾರಂಟಿ ಕಾಗದ ತೆಗೆದು ನೋಡಿದೆ. 25 ವರ್ಷದ ನಂತರವೂ ಇಷ್ಟು ವ್ಯಾಟ್ ಬರುತ್ತದೆ ಅಂತ ಇತ್ತು. ನೀರಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಾನು ಉಡುಪಿ ಸುತ್ತಮುತ್ತ ಮನೆ ಪ್ಲಾನ್ ಮಾಡಿಕೊಡುವ ಸಿವಿಲ್ ಇಂಜಿನಿಯರ್. ಕಟ್ಟಡದ ಭಾಗವೇ ಆಗಿರುವ ಸೋಲಾರ್‌ಗೆ ರಾಷ್ಟ್ರೀಯ ನಾವೀನ್ಯ ವ್ಯವಸ್ಥೆ ಕಟ್ಟುವುದು ಹೇಗೆ ಅಂತ ಕಾಲೇಜು ಮಕ್ಕಳು ಪ್ರಾಜೆಕ್ಟ್‌ಗೋಸ್ಕರ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಬಕೆಟ್. ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತೇನೆ.

ದೊಡ್ಡ ಹೆಸರಿಗೆ ಹೆದರಬೇಡಿ. 1987ರಲ್ಲಿ ಕ್ರಿಸ್ಟೊಫರ್ ಫ್ರೀಮನ್ ಎಂಬ ಅರ್ಥಶಾಸ್ತ್ರಜ್ಞ ಜಪಾನ್ ಹೇಗೆ ಮುಂದೆ ಬಂತು ಎಂದು ಹೇಳುವಾಗ 'ರಾಷ್ಟ್ರೀಯ ನಾವೀನ್ಯ ವ್ಯವಸ್ಥೆ' ಎಂಬ ಮಾತು ಬಳಸಿದ. ಡೆನ್ಮಾರ್ಕಿನ ಲುಂಡ್‌ವಾಲ್ ಅದನ್ನು ಬೆಳೆಸಿದ. ವಿಷಯ ಸುಲಭ. ಹೊಸ ವಸ್ತು ಲ್ಯಾಬಿನಲ್ಲಿ ಹುಟ್ಟಿ ಸೀದಾ ಅಂಗಡಿಗೆ ಬರುವುದಿಲ್ಲ. ಮಾಡುವವರು, ಬಳಸುವವರು, ಕಲಿಸುವವರು, ಸಾಲ ಕೊಡುವವರು, ನಿಯಮ ಬರೆಯುವವರು, ಇವರೆಲ್ಲರ ನಡುವೆ ಮಾತು ಓಡಾಡುತ್ತಿರಬೇಕು. ಅದು ಓಡಾಡುತ್ತಿದೆಯೋ ಇಲ್ಲವೋ ಎಂದು ನೋಡಲು ನನಗೆ ಒಂದೇ ಪ್ರಶ್ನೆ ಸಾಕು: ಕಟಪಾಡಿಯಲ್ಲಿ ಸೋರಿದ ನೀರಿನ ದೂರು ಎಲ್ಲಿಯವರೆಗೆ ಹೋಗುತ್ತದೆ? ನನ್ನದು ಏಣಿಯ ಬುಡದವರೆಗೆ ಹೋಗಿ ನಿಂತಿತು. ಅದು ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯ ಲ್ಯಾಬಿಗೆ, ದೆಹಲಿಯ ಮಾನದಂಡ ಬರೆಯುವ ಸಮಿತಿಗೆ, ಪ್ಯಾನೆಲ್ ಮಾಡುವ ಕಾರ್ಖಾನೆಗೆ, ಸಾಲ ಕೊಡುವ ಬ್ಯಾಂಕಿಗೆ ಮುಟ್ಟಿ, ಮುಂದಿನ ವರ್ಷ ಇನ್ನೊಬ್ಬರ ಮನೆಯಲ್ಲಿ ಬಕೆಟ್ ಇಡದ ಹಾಗೆ ಆಗಬೇಕು. ಆ ದಾರಿ ಹಾಕುವುದೇ ಕೆಲಸ.

ಮೊದಲು ನಮ್ಮ ಹಂಚನ್ನು ಕೇಳಿ

ಇಂಥ ದಾರಿಯನ್ನು ನಮ್ಮೂರು ಒಮ್ಮೆ ಹಾಕಿ ತೋರಿಸಿದೆ. 1860ರ ದಶಕದಲ್ಲಿ ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ. ಅಚ್ಚು ಯುರೋಪಿನದು, ಮಣ್ಣು ನೇತ್ರಾವತಿ, ಗುರುಪುರ ಹೊಳೆಗಳ ದಡದ್ದು, ಕೈ ನಮ್ಮವರದು. ಕೆಲವೇ ವರ್ಷಗಳಲ್ಲಿ, 1868ರಲ್ಲಿ, ಅಲ್ಬುಕರ್ಕ್ ಕುಟುಂಬದ ಕಾರ್ಖಾನೆ ಬಂತು. ಆಮೇಲೆ ಹೊಳೆ ದಂಡೆ ಉದ್ದಕ್ಕೂ ಚಿಮಣಿಗಳು ಎದ್ದವು. ದೋಣಿಯಲ್ಲಿ ಮಣ್ಣು ಬರುತ್ತಿತ್ತು, ಹಡಗಿನಲ್ಲಿ ಹಂಚು ಹೋಗುತ್ತಿತ್ತು.

ಇಲ್ಲಿ ಗಮನಿಸಬೇಕಾದದ್ದು ಕಾರ್ಖಾನೆಗಳನ್ನಲ್ಲ. ಬಡಗಿ ಹಂಚು ಹೊರುವ ಮರದ ಪಕ್ಕಾಸು, ರೀಪು ಹೊಡೆಯುವ ಅಂತರ ಕಲಿತ. ಹಂಚು ಹಾಸುವವರದೇ ಒಂದು ಕಸುಬಾಯಿತು. ಒಂದು ಹಂಚು ಒಡೆದರೆ, ಅದೇ ಮಾದರಿಯದು ಪೇಟೆಯಲ್ಲಿ ಸಿಗುತ್ತದೆ ಎಂಬ ಧೈರ್ಯ ಬಂತು. ಇವತ್ತಿಗೂ ಭಾರತೀಯ ಮಾನಕ ಬ್ಯೂರೋದಲ್ಲಿ ಐಎಸ್ 654 ಎಂಬ ಮಾನದಂಡ ಇದೆ, ಅದರ ಹೆಸರಿನಲ್ಲೇ 'ಮಂಗಳೂರು ಮಾದರಿ' ಎಂದು ಇದೆ. ಎಷ್ಟು ಭಾರಕ್ಕೆ ಒಡೆಯಬಾರದು, ಎಷ್ಟು ನೀರು ಕುಡಿಯಬಾರದು, ನೀರು ಒಳಗಿಳಿಯುತ್ತದೋ ಇಲ್ಲವೋ ಎಲ್ಲಕ್ಕೂ ಪರೀಕ್ಷೆ. ಒಂದು ಊರಿನ ಮಾಡು ದೇಶದ ಮಾನದಂಡ ಆದ ಕಥೆ ಇದು. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಆಸ್ತಿ ಬ್ರಿಟಿಷರ ಕೈಗೆ ಹೋಗಿ ಕಾಮನ್‌ವೆಲ್ತ್ ಟ್ರಸ್ಟ್ ಆದಾಗಲೂ ಹಂಚು ನಿಲ್ಲಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಆ ವಿದ್ಯೆ ಒಬ್ಬರ ಕೈಯಲ್ಲಿ ಇರಲಿಲ್ಲ.

ಇನ್ನೊಂದು ವಿಷಯ. ಹಂಚಿನ ಮಾಡಿನಲ್ಲಿ ಅಂಟೇ ಇಲ್ಲ. ಒಂದರ ಮೇಲೆ ಒಂದು ಹೊದ್ದು, ಅಂಚಿನ ಗೀರಿನಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು ಕೂತಿರುತ್ತದೆ. ನೀರು ಗೀರಿನೊಳಗೆ ಬಂದರೂ ಅದೇ ಗೀರಿನಲ್ಲಿ ಇಳಿದು ಹೋಗುತ್ತದೆ. ನನ್ನ ಸೋಲಾರ್ ಮಾಡಿನಲ್ಲಿ ಆದ ತಪ್ಪು ಇದೇ. ನೀರನ್ನು ತಡೆಯಲು ಹೋದೆವು. ದಾರಿ ಕೊಡಬೇಕಿತ್ತು.

ಯಾವ ಮಾಡು ಎಂದು ಮೊದಲು ಗಟ್ಟಿ ಮಾಡಿ

ಎಲ್ಲರೂ ಮೊದಲು ತೋರಿಸುವುದು ಗಾಜಿನ ಗೋಡೆಯ ದೊಡ್ಡ ದೊಡ್ಡ ಆಫೀಸುಗಳ ಚಿತ್ರ. ಅವು ಹೆಚ್ಚಾಗಿ ಯುರೋಪಿನವು. ಅಲ್ಲಿ ಸೂರ್ಯ ಓರೆಯಾಗಿ ಬರುತ್ತಾನೆ, ಗೋಡೆಗೆ ಬಿಸಿಲು ಸಿಗುತ್ತದೆ. ಉಡುಪಿ ಇರುವುದು 13 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಜೂನ್ 21ರ ಮಧ್ಯಾಹ್ನ ನೆತ್ತಿಗಿಂತ 10 ಡಿಗ್ರಿ ಉತ್ತರಕ್ಕೇ ಇರುತ್ತಾನೆ, ಮೋಡದ ಮರೆಯಲ್ಲಿ. ಹೀಗಿರುವಾಗ ನಮ್ಮ ದಕ್ಷಿಣದ ಗೋಡೆಗೆ ಪ್ಯಾನೆಲ್ ಹಚ್ಚಿದರೆ ಅದು ಅಲಂಕಾರವೇ ಜಾಸ್ತಿ. ನಮಗೆ ಬಿಸಿಲು ಬೀಳುವುದು ಮಾಡಿನ ಮೇಲೆ.

ಹಾಗಾದರೆ ಯಾವ ಮಾಡು? ಮಂಗಳೂರಿನ ಹಂಪನಕಟ್ಟೆಯಲ್ಲಿ ಯಾವುದಾದರೂ ಎತ್ತರದ ಕಟ್ಟಡದ ಮೇಲೆ ನಿಂತು ಸುತ್ತ ನೋಡಿ. ಅಥವಾ ಮಣಿಪಾಲದ ಗುಡ್ಡದಿಂದ ಕೆಳಗೆ ಉಡುಪಿ ಕಡೆ ನೋಡಿ. ಕಾಂಕ್ರೀಟ್ ತಾರಸಿಗಳ ಮೇಲೆಲ್ಲ ಇನ್ನೊಂದು ಮಾಡು ಕಾಣುತ್ತದೆ, ನೀಲಿ, ಕೆಂಪು, ಹಸಿರು ತಗಡು ಶೀಟು. ಬೆಂಗಳೂರಿನವರು ಬಂದರೆ ಇದೇನು, ಮನೆಗೆ ಎರಡೆರಡು ಮಾಡು ಎಂದು ಕೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ತಾರಸಿ ಎಷ್ಟು ಚೆನ್ನಾಗಿ ಮಾಡಿದರೂ ಕೆಲವು ವರ್ಷಕ್ಕೆ ನೀರು ಒಸರುತ್ತದೆ. ಅದಕ್ಕೆ ಮೇಲೆ ಶೀಟು. ಅದರ ಕೆಳಗೆ ಬಟ್ಟೆ ಒಣಗುತ್ತದೆ, ಅಡಿಕೆ ರಾಶಿ ಇರುತ್ತದೆ, ಮಕ್ಕಳು ಕ್ರಿಕೆಟ್ ಆಡುತ್ತಾರೆ, ಮನೆಯ ಸಣ್ಣ ಪುಟ್ಟ ಕಾರ್ಯಕ್ರಮಕ್ಕೆ ಊಟವೂ ಅಲ್ಲೇ.

ನನ್ನ ಪ್ರಕಾರ ಕಟ್ಟಡದ ಭಾಗವಾದ ಸೋಲಾರ್‌ಗೆ ಕರಾವಳಿಯ ಮೊದಲ ಮಾರುಕಟ್ಟೆ ಈ ಶೀಟು. ಕಾರಣ ಹೇಳುತ್ತೇನೆ. ಈ ಜಾತಿಯ ಸೋಲಾರ್‌ನ ದೊಡ್ಡ ಶತ್ರು ಬೆನ್ನಿನ ಬಿಸಿ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ನಮ್ಮ ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ, ಡಿಗ್ರಿಗೆ ಶೇ. 0.35ರ ಲೆಕ್ಕದಲ್ಲಿ ಶೇ. 14 ಹೋಯಿತು. ಗೋಡೆಗೋ ಮುಚ್ಚಿದ ಮಾಡಿಗೋ ಅಂಟಿಸಿದರೆ ಗಾಳಿ ಆಡದೆ ಇನ್ನೂ ಬಿಸಿಯಾಗುತ್ತದೆ. ತಾರಸಿ ಮೇಲಿನ ಶೀಟಿನ ಕೆಳಗೆ ಏನಿದೆ? ಎಂಟು ಅಡಿ ಖಾಲಿ ಜಾಗ, ನಾಲ್ಕೂ ಕಡೆಯಿಂದ ಸಮುದ್ರದ ಗಾಳಿ. ಬೇರೆ ದೇಶದ ಇಂಜಿನಿಯರ್‌ಗಳು ತಲೆ ಕೆಡಿಸಿಕೊಳ್ಳುವ ಸಮಸ್ಯೆ ಇಲ್ಲಿ ತಾನಾಗಿಯೇ ಬಗೆಹರಿದಿದೆ. ಮತ್ತೆ, ಶೀಟಿಗೆ ಹೇಗೂ ದುಡ್ಡು ಹಾಕಬೇಕಾದ ಮನೆಯವರು, ಆ ದುಡ್ಡನ್ನು ಪ್ಯಾನೆಲ್ ಕಡೆಗೆ ತಿರುಗಿಸಿದರೆ ಸಾಕು.

ಆದರೆ ಯಾವುದು ಕಟ್ಟಡದ ಭಾಗ ಎನ್ನಲು ಒಂದು ಗೆರೆ ಬೇಕು. ಶೀಟು ಇದ್ದು ಅದರ ಮೇಲೆ ಪ್ಯಾನೆಲ್ ಕೂರಿಸಿದರೆ ಅದು ಮಾಮೂಲಿ ಸೋಲಾರ್. 2016ರ ಯುರೋಪಿನ ಮಾನದಂಡ ಇಎನ್ 50583 ಇದನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ: ಪ್ಯಾನೆಲ್ ತೆಗೆದರೆ ಆ ಜಾಗಕ್ಕೆ ಕಟ್ಟಡದ ಇನ್ನೊಂದು ಭಾಗ ತಂದು ಹಾಕಲೇಬೇಕು, ಹಾಗಿದ್ದರೆ ಮಾತ್ರ ಅದು ಕಟ್ಟಡದ ಭಾಗ. ಕಿತ್ತರೆ ಆಕಾಶ ಕಾಣಬೇಕು, ಅಷ್ಟೇ.

ಹಂಚಿನ ಆಕಾರದ ಪುಟ್ಟ ಸೋಲಾರ್ ಹಂಚುಗಳ ಬಗ್ಗೆಯೂ ಜನ ಕೇಳುತ್ತಾರೆ. ನೋಡಲು ಚೆಂದ. ಆದರೆ ಒಂದು ಚದರ ಮೀಟರಿಗೆ ನಮ್ಮ ಹಂಚು 15-16 ಬೇಕು. ಅಷ್ಟು ಸಣ್ಣದು ಮಾಡಿದರೆ ಪ್ರತಿಯೊಂದಕ್ಕೂ ಎರಡು ವಯರ್, ಒಂದು ಕನೆಕ್ಟರ್. ಮಾಡಿನೊಳಗೆ ನೂರಾರು ಕನೆಕ್ಟರ್ ಇಟ್ಟು, ಮೇಲಿಂದ ನಾಲ್ಕು ತಿಂಗಳು ನೀರು ಬಿಟ್ಟು, ಅದರಲ್ಲಿ ಯಾವುದು ಕೆಟ್ಟಿದೆ ಎಂದು ಹುಡುಕುವ ಕೆಲಸ ನನಗಂತೂ ಬೇಡ. ಹಳೇ ಗುತ್ತಿನ ಮನೆ (ತುಳುನಾಡಿನ ಹಳೇ ದೊಡ್ಡ ಮನೆತನದ ಮನೆ), ಚರ್ಚು, ಶಾಲೆ, ಇಂಥವಕ್ಕೆ ಮುಂದೆ ನೋಡೋಣ.

ಒಬ್ಬರನ್ನೊಬ್ಬರು ಕಾಣದವರ ಪಟ್ಟಿ ಮಾಡಿ

ಯಾವ ಮಾಡು ಎಂದು ಗೊತ್ತಾದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಆ ಮಾಡು ಆಗಬೇಕಾದರೆ ಯಾರ್‍ಯಾರ ಕೈ ದಾಟಬೇಕು ಎಂದು ಬರೆಯಿರಿ. ಪ್ಲಾನ್ ಮಾಡುವ ನನ್ನಂಥವರು, ಶೀಟ್ ಹಾಕುವ ಫ್ಯಾಬ್ರಿಕೇಟರ್, ವೆಲ್ಡರ್, ಸೋಲಾರ್ ಎಲೆಕ್ಟ್ರಿಶಿಯನ್, ಲೈಸೆನ್ಸ್ ಕೊಡುವ ಪಂಚಾಯತ್ ಅಥವಾ ನಗರಸಭೆ, ಮೀಟರ್ ಕೂರಿಸುವ ಕರೆಂಟ್ ಕಂಪನಿ ಮೆಸ್ಕಾಂ, ಸಾಲ ಕೊಡುವ ಬ್ಯಾಂಕ್ ಮ್ಯಾನೇಜರ್. ಆಮೇಲೆ ಒಬ್ಬೊಬ್ಬರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ: ಈ ಪಟ್ಟಿಯಲ್ಲಿ ಯಾರ ಜೊತೆ ನೀವು ಮಾತಾಡಿದ್ದೀರಿ? ನಾನು ಕೇಳಿದೆ. ಫ್ಯಾಬ್ರಿಕೇಟರ್‌ಗೆ ಸೋಲಾರ್‌ನವರು ಅಂದರೆ ತನ್ನ ಶೀಟಿಗೆ ತೂತು ಕೊರೆದು ಹಾಳು ಮಾಡುವವರು. ಸೋಲಾರ್‌ನವರಿಗೆ ಫ್ಯಾಬ್ರಿಕೇಟರ್ ಅಂದರೆ ಹೇಳಿದ ದಿನ ಬಾರದವರು. ಸಂಬಂಧ ಅಷ್ಟೇ.

ದೇಶದ ಮಟ್ಟದಲ್ಲೂ ಇದೇ ಚಿತ್ರ, ಹೆಸರು ಮಾತ್ರ ದೊಡ್ಡದು. ನವೀಕರಿಸಬಹುದಾದ ಇಂಧನ ಸಚಿವಾಲಯ ಸೋಲಾರ್ ನೋಡಿಕೊಳ್ಳುತ್ತದೆ. ಕಟ್ಟಡದ ನಿಯಮ ಇನ್ನೊಂದು ಕಡೆ, ನಗರಾಭಿವೃದ್ಧಿಯವರ ಹತ್ತಿರ. ಗುರುಗ್ರಾಮದ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯಲ್ಲಿ ಪ್ಯಾನೆಲ್ ಪರೀಕ್ಷೆ. ಐಐಟಿ ಬಾಂಬೆಯಲ್ಲಿ 2010ರಿಂದ ಫೋಟೊವೋಲ್ಟಾಯಿಕ್ ಸಂಶೋಧನಾ ಕೇಂದ್ರ. ಯಾವುದೂ ಕೆಟ್ಟದ್ದಲ್ಲ. ಆದರೆ ಮಾಡು ಸೋರಿದರೆ ಯಾರಿಗೆ ಪತ್ರ ಬರೆಯಬೇಕು?

ಪರೀಕ್ಷೆ: ಆಲಿಕಲ್ಲಲ್ಲ, ತೆಂಗಿನಕಾಯಿ

ಪ್ಯಾನೆಲ್‌ಗೆ ಈಗಲೇ ಸಾಕಷ್ಟು ಪರೀಕ್ಷೆ ಇದೆ, ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡಗಳಲ್ಲಿ. ಐಇಸಿ 61215 ಬಾಳಿಕೆಗೆ, ಐಇಸಿ 61730 ಸುರಕ್ಷತೆಗೆ, ಐಇಸಿ 61701 ಉಪ್ಪಿನ ಗಾಳಿಗೆ. ಕಟ್ಟಡದ ಭಾಗವಾದ ಪ್ಯಾನೆಲ್‌ಗೆಂದೇ 2020ರಲ್ಲಿ ಐಇಸಿ 63092 ಬಂತು. ಸಮುದ್ರದಿಂದ ನಾಲ್ಕೈದು ಕಿಲೋಮೀಟರ್ ಒಳಗೆ ಮನೆ ಇರುವವರು ಕಣ್ಣು ಮುಚ್ಚಿ 61701 ಸರ್ಟಿಫಿಕೇಟ್ ಕೇಳಿ, ಇದು ಇವತ್ತಿಗೇ ಉಪಯೋಗ.

ಆದರೆ ನಮ್ಮ ಮಾಡಿಗೆ ಬೇಕಾದ ಪರೀಕ್ಷೆ ಇನ್ನೂ ಬೇರೆ ಇದೆ. ಒಂದು ಉದಾಹರಣೆ. 61215ರಲ್ಲಿ ಆಲಿಕಲ್ಲು ಪರೀಕ್ಷೆ ಉಂಟು. 25 ಮಿಲಿಮೀಟರ್‌ನ ಮಂಜುಗಡ್ಡೆ ಉಂಡೆಯನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಗಾಜಿಗೆ ಹೊಡೆಯುತ್ತಾರೆ. ಅದರ ಏಟು ಸುಮಾರು 2 ಜೂಲ್. ಈಗ ನಮ್ಮ ಲೆಕ್ಕ. ಸಿಪ್ಪೆ ಸಮೇತ ಒಂದೂವರೆ ಕಿಲೋ ತೂಗುವ ತೆಂಗಿನಕಾಯಿ ಮಾಡಿಗಿಂತ 6 ಮೀಟರ್ ಮೇಲಿನಿಂದ ಬಿದ್ದರೆ 88 ಜೂಲ್. ಆಲಿಕಲ್ಲಿನ 40 ಪಟ್ಟಿಗೂ ಜಾಸ್ತಿ. ಹಂಚಾದರೆ ಒಡೆಯುತ್ತದೆ, ಇನ್ನೊಂದು ಹಾಕುತ್ತೇವೆ. ಶೀಟಾದರೆ ತಗ್ಗು ಬೀಳುತ್ತದೆ, ಹಾಗೇ ಬಿಡುತ್ತೇವೆ. ಪ್ಯಾನೆಲ್ ಒಡೆದರೆ ಮಳೆಯಲ್ಲಿ ಒದ್ದೆಯಾದ ಡಿಸಿ ಕರೆಂಟು. 10 ಪ್ಯಾನೆಲ್ ಸಾಲಾಗಿ ಜೋಡಿಸಿದರೆ 400ರಿಂದ 500 ವೋಲ್ಟ್, ಮೇನ್ ಸ್ವಿಚ್ ಆಫ್ ಮಾಡಿದರೂ ಬಿಸಿಲು ಇರುವವರೆಗೆ ಸಾಲಿನಲ್ಲಿ ಅದು ಇದ್ದೇ ಇರುತ್ತದೆ. ಹಾಗಾಗಿ ಕರಾವಳಿಯ ಮಾನದಂಡದಲ್ಲಿ ತೆಂಗಿನಕಾಯಿ ಪರೀಕ್ಷೆ ಇರಬೇಕು ಎಂದು ನಾನು ಹೇಳಿದಾಗ ಮಕ್ಕಳು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಗಾಳಿಯದೂ ಹಾಗೆ. ಹಂಚಿನ ಮಾಡು ಚದರ ಮೀಟರಿಗೆ 40 ಕಿಲೋ ಹತ್ತಿರ ತೂಗುತ್ತದೆ, ಗಾಜಿನ ಪ್ಯಾನೆಲ್ 11-12 ಕಿಲೋ. ಭಾರ ಹೊರುವ ಚಿಂತೆ ಇಲ್ಲ, ಹಾರುವ ಚಿಂತೆ. ಗಾಳಿಯ ಹೊರೆಯ ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗದಲ್ಲಿ ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್ ಗಾಳಿ ಹಿಡಿದು ಲೆಕ್ಕ ಹಾಕಬೇಕು ಎಂದಿದೆ, ಬೆಂಗಳೂರಿಗೆ 33. ತಾರಸಿ ಮೇಲಿನ ಮಾಡಿಗೆ ಗಾಳಿ ಕೆಳಗಿನಿಂದಲೂ ಎತ್ತುತ್ತದೆ. ಫ್ಯಾಬ್ರಿಕೇಟರ್‌ಗಳಲ್ಲಿ ಈ ಲೆಕ್ಕ ಮಾಡುವವರನ್ನು ನಾನು ಕಂಡದ್ದು ಕಮ್ಮಿ, ಕೈ ಅಂದಾಜು ಅಷ್ಟೇ.

ಹಾಗಾದರೆ ಏನು ಮಾಡಬೇಕು? ಪರೀಕ್ಷೆಯ ಮಾಡುಗಳನ್ನು ಕಟ್ಟಿ, ಮೂರು ಕಡೆ. ಸುರತ್ಕಲ್‌ನ ಎನ್‌ಐಟಿಕೆಯ ಕ್ಯಾಂಪಸ್ ಸಮುದ್ರಕ್ಕೆ ತಾಗಿಯೇ ಇದೆ, ಉಪ್ಪಿಗೆ ಅದಕ್ಕಿಂತ ಒಳ್ಳೆ ಜಾಗ ಬೇಡ. ಕಾರ್ಕಳ ಕಡೆ ಘಟ್ಟದ ಬುಡದಲ್ಲಿ ಒಂದು, ಮಳೆ ಮತ್ತು ಪಾಚಿಗೆ. ಮೂರನೆಯದು ಉತ್ತರ ಕರ್ನಾಟಕದ ಒಣ ಊರಿನಲ್ಲಿ, ಹೋಲಿಸಿ ನೋಡಲು. ಒಂದೊಂದು ಮಾಡಿನಲ್ಲೂ ನಾಲ್ಕು ತರದ ಸಂದಿ ಮಾಡಿ: ಬರೀ ಸಿಲಿಕೋನ್, ರಬ್ಬರ್ ಪಟ್ಟಿ, ಸಂದಿಯ ಕೆಳಗೆ ನೀರಿಳಿಯುವ ಅಲ್ಯೂಮಿನಿಯಂ ಚಾನೆಲ್, ಹಂಚಿನ ಹಾಗೆ ಒಂದರ ಮೇಲೊಂದು ಹೊದಿಸಿದ್ದು. ಇಳಿಜಾರು 5, 10, 15 ಡಿಗ್ರಿ. ಅಳೆಯುವುದು ಬರೀ ಯೂನಿಟ್ ಅಲ್ಲ. ಪ್ಯಾನೆಲ್ ಬೆನ್ನಿನ ಬಿಸಿ, ಹನಿದ ನೀರು, ತುಕ್ಕು, ಕೆಳಗಿನ ಅಂಚಿನಲ್ಲಿ ಕೂತ ಪಾಚಿ. 10 ಡಿಗ್ರಿಗಿಂತ ಕಮ್ಮಿ ಇಳಿಜಾರಿನಲ್ಲಿ ಪ್ಯಾನೆಲ್ ಫ್ರೇಮಿನ ಕೆಳ ಅಂಚಿಗೆ ನೀರು ನಿಂತು ಕೊಳೆ ಕಟ್ಟುವುದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಎರಡು ಮಳೆಗಾಲ ಕಳೆಯುವವರೆಗೆ ವರದಿ ಬರೆಯಬೇಡಿ.

ಸಬ್ಸಿಡಿಯನ್ನು ಪರೀಕ್ಷೆಗೆ ಕಟ್ಟಿ ಹಾಕಿ

ಇಲ್ಲಿ ಎರಡು ದೇಶಗಳ ಕಥೆ ಗೊತ್ತಿರಬೇಕು. ಫ್ರಾನ್ಸ್ 2006ರಲ್ಲಿ ಕಟ್ಟಡದ ಭಾಗವಾದ ಸೋಲಾರ್‌ನ ಕರೆಂಟಿಗೆ ಮಾಮೂಲಿಗಿಂತ ತುಂಬಾ ಜಾಸ್ತಿ ದರ ಕೊಟ್ಟಿತು. ಜನ ಮುಗಿಬಿದ್ದರು. ಚೆನ್ನಾಗಿದ್ದ ಹಂಚು ಕಿತ್ತು ಪ್ಯಾನೆಲ್ ಹಾಕಿಸಿಕೊಂಡರು. ಮಾಡಿನ ಕೆಲಸ ಗೊತ್ತಿಲ್ಲದವರೂ ಮಾಡು ಕಟ್ಟಿದರು. ಎಷ್ಟೋ ಮನೆ ಸೋರಿದವು, ಕೆಲವು ಕಡೆ ಬೆಂಕಿಯೂ ಹತ್ತಿತು. ಖರ್ಚು ಕೈ ಮೀರಿ 2010ರ ಕೊನೆಗೆ ಸರ್ಕಾರ ಹೊಸ ಅರ್ಜಿಗಳನ್ನೇ ತಡೆಹಿಡಿಯಿತು.

ಡೆನ್ಮಾರ್ಕ್ ಗಾಳಿಯಂತ್ರದಲ್ಲಿ ಉಲ್ಟಾ ಮಾಡಿತು. 1978ರಲ್ಲಿ ರಿಸೋ ಎಂಬಲ್ಲಿ ಸಣ್ಣ ಪರೀಕ್ಷಾ ಕೇಂದ್ರ ತೆರೆದರು. ಮರುವರ್ಷ ಯಂತ್ರ ಕೊಳ್ಳುವವರಿಗೆ ಶೇ. 30 ಸಬ್ಸಿಡಿ ಬಂತು, ಆದರೆ ರಿಸೋದಲ್ಲಿ ಪಾಸಾದ ಯಂತ್ರಕ್ಕೆ ಮಾತ್ರ. ನನಗೆ ಇನ್ನೂ ಇಷ್ಟವಾದದ್ದು ಮಾಲೀಕರು ಮಾಡಿದ ಕೆಲಸ. ಅವರು ಸಂಘ ಕಟ್ಟಿಕೊಂಡು, ಯಾರ ಯಂತ್ರ ತಿಂಗಳಿಗೆ ಎಷ್ಟು ಕರೆಂಟು ಕೊಟ್ಟಿತು, ಯಾವುದು ಕೆಟ್ಟಿತು ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಕಂಪನಿಯ ಹೆಸರು ಸಮೇತ. ದೂರು ಬಚ್ಚಿಡುವ ದಾರಿಯೇ ಮುಚ್ಚಿತು. ಅಷ್ಟು ಸಣ್ಣ ದೇಶ ಆಮೇಲೆ ಜಗತ್ತಿಗೇ ಗಾಳಿಯಂತ್ರ ಮಾರಿತು.

ನಮ್ಮಲ್ಲಿ ಈಗ ಇರುವುದು 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್, ಮನೆ ಮೇಲಿನ ಸೋಲಾರ್‌ಗೆ ಕೇಂದ್ರ ಸರ್ಕಾರದ ಸಬ್ಸಿಡಿ ಯೋಜನೆ. 1 ಕೋಟಿ ಮನೆ, 75,021 ಕೋಟಿ ರೂಪಾಯಿ. ಮೊದಲ 2 ಕಿಲೋವ್ಯಾಟ್‌ಗೆ ಕಿಲೋವ್ಯಾಟಿಗೆ 30,000, 3 ಮತ್ತು ಅದಕ್ಕಿಂತ ಜಾಸ್ತಿಗೆ ಒಟ್ಟು 78,000 ರೂಪಾಯಿ. ಒಳ್ಳೆ ಯೋಜನೆ, ನಮ್ಮ ಬೀದಿಯಲ್ಲೇ ನಾಲ್ಕು ಮನೆಗೆ ಬಂದಿದೆ. ಆದರೆ ಇದು ಲೆಕ್ಕ ಹಾಕುವುದು ಕಿಲೋವ್ಯಾಟ್ ಮಾತ್ರ, ಮಾಡನ್ನಲ್ಲ. ಸೋಲಾರ್ ಮಾಡಿಗೆ ಬೇರೆ ದರ ಕೊಡಿ ಎಂದು ನಾನು ಹೇಳುವುದಿಲ್ಲ, ಫ್ರಾನ್ಸ್ ನೋಡಿದ ಮೇಲಂತೂ ಇಲ್ಲ. ಸಬ್ಸಿಡಿಯ ಸ್ವಲ್ಪ ಭಾಗ ಎರಡು ಮಳೆಗಾಲ ಕಳೆದ ಮೇಲೆ, ಸೋರಿಲ್ಲ ಎಂದು ಮನೆಯವರು ಸಹಿ ಹಾಕಿದ ಮೇಲೆ ಕೊಡಿ. ಹಾಕಿದವರು ತಾವಾಗಿಯೇ ಬಂದು ಸಂದಿ ನೋಡುತ್ತಾರೆ.

ಅದೇ ಯೋಜನೆಯೊಳಗೆ ಹೊಸ ಪ್ರಯೋಗಗಳಿಗೆಂದೇ 500 ಕೋಟಿ ಇಟ್ಟಿದ್ದಾರೆ, ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಪರೀಕ್ಷೆಯ ಮಾಡುಗಳಿಗೆ ದುಡ್ಡು ಹುಡುಕುವವರು ಮೊದಲು ಅಲ್ಲಿ ಅರ್ಜಿ ಹಾಕಿ.

ಸರ್ಕಾರಿ ಕಟ್ಟಡ ಮತ್ತು ಎಸ್‌ಆರ್ ಪುಸ್ತಕ

ಇದು ಸಣ್ಣ ವಿಷಯದಂತೆ ಕಾಣುತ್ತದೆ, ಅಲ್ಲ. ಲೋಕೋಪಯೋಗಿ ಇಲಾಖೆಯ ದರಪಟ್ಟಿ ಅಂದರೆ ಎಸ್‌ಆರ್. ಅದರಲ್ಲಿ ಇಲ್ಲದ ಐಟಂ ಅನ್ನು ಎಸ್ಟಿಮೇಟ್‌ಗೆ ಹಾಕಲು ಯಾವ ಇಂಜಿನಿಯರಿಗೂ ಧೈರ್ಯ ಬರುವುದಿಲ್ಲ, ನಾಳೆ ಆಡಿಟ್‌ನವರು ಕೇಳುತ್ತಾರೆ. 'ಸೋಲಾರ್ ಮಾಡು, ಚಾನೆಲ್ ಸಮೇತ, ಚದರ ಮೀಟರಿಗೆ' ಎಂದು ಒಂದು ಸಾಲು ಎಸ್‌ಆರ್‌ನಲ್ಲಿ ಬರಬೇಕು. ಚದರ ಮೀಟರಿಗೆ, ಕಿಲೋವ್ಯಾಟಿಗೆ ಅಲ್ಲ. ಬಂದ ದಿನದಿಂದ ಶಾಲೆಯ ಬಿಸಿಯೂಟದ ಶೆಡ್ಡು, ಮೀನು ಮಾರ್ಕೆಟ್ಟು, ಬಸ್ ಸ್ಟ್ಯಾಂಡು ಎಲ್ಲ ಮಾರುಕಟ್ಟೆ. ಈ ಒಂದು ಸಾಲಿಗೆ ಹತ್ತು ವಿಚಾರ ಸಂಕಿರಣ ಸಮ ಅಲ್ಲ.

ಸಾಲ

ಉಡುಪಿ, ಮಂಗಳೂರಿನವರಿಗೆ ಬ್ಯಾಂಕಿನ ಪಾಠ ಹೇಳಬೇಕಾಗಿಲ್ಲ. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯ, ಎಲ್ಲ ಈ ಮಣ್ಣಿನಲ್ಲೇ ಹುಟ್ಟಿದವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಎಂಬ ದಿನದ ಉಳಿತಾಯ ಶುರು ಮಾಡಿದ್ದು ದಿನಕ್ಕೆ ಎರಡಾಣೆಯಿಂದ, ಏಜೆಂಟ್ ಮನೆ ಬಾಗಿಲಿಗೆ ಬರುತ್ತಿದ್ದ. 1995ರಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಶುರು ಮಾಡಿದ ಹರೀಶ್ ಹಂದೆಯವರು ಹಳ್ಳಿ ಮನೆಗೆ ಸೋಲಾರ್ ದೀಪ ಕೊಟ್ಟಾಗಲೂ ಗುಟ್ಟು ಇದ್ದದ್ದು ದೀಪದಲ್ಲಿ ಅಲ್ಲ, ಕಂತಿನಲ್ಲಿ. ದುಡಿಯುವವರಿಗೆ ದುಡ್ಡು ಯಾವಾಗ ಕೈಗೆ ಬರುತ್ತದೋ ಹಾಗೆ ಬ್ಯಾಂಕಿನ ಕಂತು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಸೋಲಾರ್ ಮಾಡಿನ ಸಾಲದಲ್ಲಿ ಈಗಿನ ತೊಡಕು ಹೆಸರಿನದು. ಇದು ಮನೆ ರಿಪೇರಿ ಸಾಲವೋ, ಸೋಲಾರ್ ಸಾಲವೋ? ಒಂದು ಬ್ಯಾಂಕಿನ ಮ್ಯಾನೇಜರ್ ನನ್ನನ್ನು ಎರಡು ಕೌಂಟರ್ ನಡುವೆ ಮೂರು ಸಲ ಓಡಾಡಿಸಿದರು, ಅವರ ತಪ್ಪೂ ಅಲ್ಲ, ಅವರ ಕಂಪ್ಯೂಟರಿನಲ್ಲಿ ಆ ಜಾತಿಯೇ ಇರಲಿಲ್ಲ. ಶೀಟಿನ ಖರ್ಚು ಉಳಿಯಿತು, ಕರೆಂಟ್ ಬಿಲ್ ಇಳಿಯಿತು, ಎರಡನ್ನೂ ಕೂಡಿಸಿ ನೋಡುವ ಒಂದು ಫಾರ್ಮ್ ಬೇಕು. ಕಂತು ಮಳೆಗಾಲದಲ್ಲಿ ಸಣ್ಣದು, ಡಿಸೆಂಬರ್‌ನಿಂದ ಮೇವರೆಗೆ ದೊಡ್ಡದು. ವರ್ಷದ ಸರಾಸರಿ ತೆಗೆದರೆ ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಆಸುಪಾಸು, ಆದರೆ ಜುಲೈನಲ್ಲಿ ಅದನ್ನು ನಂಬಿ ಕೂತರೆ ಆಗದು.

ಕೈಗಳು, ಕಾರ್ಖಾನೆ

2015ರಿಂದ ಸೂರ್ಯಮಿತ್ರ ಎಂಬ ತರಬೇತಿ ಇದೆ, ಸೋಲಾರ್ ಹಾಕಲು ಕಲಿಸುತ್ತಾರೆ. ಅದರಲ್ಲಿ ವಯರಿಂಗ್ ಇದೆ. ಅದಕ್ಕೆ ಹತ್ತು ದಿನದ ಮಾಡಿನ ಕೆಲಸ ಸೇರಿಸಿ. ಕಲಿಸುವವರು ಹಂಚು ಹಾಸಿದ ಹಳಬರೇ ಆಗಲಿ, ಅವರು ಇನ್ನೂ ನಮ್ಮ ನಡುವೆ ಇದ್ದಾರೆ, ಆದರೆ ಜಾಸ್ತಿ ವರ್ಷ ಇರುವುದಿಲ್ಲ. ಫ್ಯಾಬ್ರಿಕೇಟರ್‌ಗಳಿಗೆ ಉಲ್ಟಾ, ಹತ್ತು ದಿನದ ವಯರಿಂಗ್. ಅಲ್ಯೂಮಿನಿಯಂ ಫ್ರೇಮನ್ನು ಸೀದಾ ಕಬ್ಬಿಣದ ಮೇಲೆ ಕೂರಿಸಿದರೆ ಉಪ್ಪಿನ ಗಾಳಿಗೆ ಎರಡೂ ಒಂದನ್ನೊಂದು ತಿನ್ನುತ್ತವೆ, ನಡುವೆ ರಬ್ಬರ್ ಇಡಬೇಕು, ಬೋಲ್ಟ್ ಸ್ಟೇನ್‌ಲೆಸ್ ಇರಬೇಕು ಎಂಬಂಥ ಸಣ್ಣ ವಿಷಯಗಳು. ಪಾಸಾದವರಿಗೆ ಒಂದೇ ಲೈಸೆನ್ಸ್, ನೀರಿಗೂ ಕರೆಂಟಿಗೂ ಅವರೇ ಹೊಣೆ. ನನ್ನ ಏಣಿಯ ಬುಡದಲ್ಲಿ ಮೂವರ ಬದಲು ಒಬ್ಬರು ನಿಂತಿದ್ದರೆ ಅರ್ಧ ಸಮಸ್ಯೆ ಇರುತ್ತಲೇ ಇರಲಿಲ್ಲ.

ಕಾರ್ಖಾನೆಯ ಬಗ್ಗೆ ನಾನು ಕಮ್ಮಿ ಹೇಳುತ್ತೇನೆ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಒಂದೇ ತೊಡಕು. ದೊಡ್ಡ ಕಾರ್ಖಾನೆಗೆ ಒಂದೇ ಅಳತೆಯ ಪ್ಯಾನೆಲ್ ಲಕ್ಷಗಟ್ಟಲೆ ಮಾಡುವುದು ಸುಲಭ. ಮಾಡಿಗೆ ಬೇರೆ ಬೇರೆ ಅಳತೆ ಬೇಕು. ಆದರೆ ಸರ್ಕಾರ ಒಪ್ಪಿದ ಪ್ಯಾನೆಲ್‌ಗಳ ಪಟ್ಟಿಗೆ ಮಾದರಿ ಮಾದರಿ ಲೆಕ್ಕದಲ್ಲಿ ಸೇರಬೇಕು, ಸಣ್ಣವರಿಗೆ ಆ ಖರ್ಚು ಹೊರಲು ಆಗುವುದಿಲ್ಲ. ಪರಿಹಾರ ಹಂಚಿನಲ್ಲೇ ಇದೆ: ದೇಶಕ್ಕೆಲ್ಲ ಎರಡೋ ಮೂರೋ ಮಾಡಿನ ಅಳತೆ ನಿಗದಿ ಮಾಡಿ, ಅಂಚಿನ ಚಾನೆಲ್ ಒಂದೇ ತರ ಇರಲಿ, ಯಾವ ಕಂಪನಿಯ ಪ್ಯಾನೆಲ್ ಒಡೆದರೂ ಇನ್ನೊಂದು ಕಂಪನಿಯದು ಅಲ್ಲಿ ಕೂರಲಿ. ಉಳಿದ ಮೂಲೆಮುಡುಕಿಗೆ ಅದೇ ಬಣ್ಣದ ತಗಡು ಸಾಕು.

ದೂರಿನ ಪುಸ್ತಕ

ಇಷ್ಟನ್ನೂ ಯಾರು ಹಿಡಿದಿಡಬೇಕು? ಹೊಸ ಪ್ರಾಧಿಕಾರ, ಹೊಸ ಕಟ್ಟಡ, ಹೊಸ ಅಧ್ಯಕ್ಷರು ಬೇಡ. ಒಂದು ರಿಜಿಸ್ಟರ್ ಸಾಕು. ಸೋಲಾರ್ ಮಾಡು ಎಲ್ಲೇ ಕಟ್ಟಿದರೂ ಅದರಲ್ಲಿ ಒಂದು ನಂಬರ್: ಯಾವ ಪ್ಯಾನೆಲ್, ಯಾವ ಸಂದಿ, ಎಷ್ಟು ಇಳಿಜಾರು, ಸಮುದ್ರದಿಂದ ಎಷ್ಟು ದೂರ, ಹಾಕಿದವರು ಯಾರು. ದೂರು ಬಂದರೆ ಫೋಟೊ ಸಮೇತ ಅದೇ ನಂಬರಿನ ಕೆಳಗೆ. ಯಾರು ಬೇಕಾದರೂ ನೋಡಬಹುದು, ಡೆನ್ಮಾರ್ಕಿನ ಆ ಪತ್ರಿಕೆಯ ಹಾಗೆ. ಲ್ಯಾಬಿನವರಿಗೆ ಮುಂದಿನ ಪರೀಕ್ಷೆ ಯಾವುದು ಎಂದು ಅದೇ ಹೇಳುತ್ತದೆ, ಮಾನದಂಡದವರಿಗೆ ಯಾವ ಸಾಲು ತಿದ್ದಬೇಕು ಎಂದು, ಬ್ಯಾಂಕಿಗೆ ಯಾರಿಗೆ ಸಾಲ ಕೊಡಬಾರದು ಎಂದು. ಉಡುಪಿ ಜಿಲ್ಲೆಯೊಂದರಲ್ಲೇ 50 ಮಾಡುಗಳಿಂದ ಶುರು ಮಾಡಬಹುದು, ಕಾಲೇಜಿನ ಮಕ್ಕಳು ಸಾಕು ಇದಕ್ಕೆ.

ನಮ್ಮ ಮಾಡಿನ ಸಂದಿಗೆ ಆ ಸಿಲಿಕೋನ್ ಹುಡುಗನೇ ಆಮೇಲೆ ಕೆಳಗಿನಿಂದ 'ಯು' ಆಕಾರದ ಅಲ್ಯೂಮಿನಿಯಂ ಚಾನೆಲ್ ಕೂರಿಸಿ, ಅದರ ನೀರನ್ನು ಪೈಪಿಗೆ ಇಳಿಸಿದ. ಸಿಲಿಕೋನ್ ಹಚ್ಚಲೇ ಇಲ್ಲ. ಮರುವರ್ಷದ ಮಳೆಗೆ ಬಕೆಟ್ ಖಾಲಿ ಇತ್ತು, ಈಗ ಅದರಲ್ಲಿ ಕ್ರಿಕೆಟ್ ಬಾಲುಗಳಿವೆ. ನೀವು ಪರೀಕ್ಷೆಯ ಮಾಡು ಕಟ್ಟುವುದಾದರೆ ಮೇ 15ರೊಳಗೆ ಮುಗಿಸಿ. ಆಗದಿದ್ದರೆ ಸುಮ್ನೆ ಅಕ್ಟೋಬರ್‌ವರೆಗೆ ಕಾಯಿರಿ, ಮಳೆಯಲ್ಲಿ ಏಣಿ ಹತ್ತಬೇಡಿ.